ಹೆಬ್ಬೆರಳ ಬುಡದ ಎಲುಬು

ನಾನು ಬಂಡ್ರಿಯಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದದ್ದು ಒಂದು ಶನಿವಾರ ಬೆಳಿಗ್ಗೆ. ಆಗ ಅಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಮನೆ ಹೊಸಪೇಟೆಯಲ್ಲಿ. ದಿನಾ ಸಂಡೂರಿನ ಮೇಲೆ ಹಾಯ್ದು ಹೋಗಿಬರಬೇಕು. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ವರ್ಷಗಳವು. ಬಸ್ಸು ಹೊತ್ತಿಗೆ ಸರಿಯಾಗಿ ಶಾಲೆ ಮುಟ್ಟಿಸಿದರೆ ಅದೇ ಒಂದು ಸುದ್ದಿ. ಅವತ್ತು ಬಸ್ಸು ತಡವಾಗಿತ್ತು, ನನಗೆ ಅವಸರವಿತ್ತು. ಕೊನೆಯ ಮೆಟ್ಟಿಲಿಗೆ ಕಾಲಿಟ್ಟಿದ್ದೆ, ಹಿಂದಿನಿಂದ ಲಾರಿಯವನು ಹಾರ್ನ್ ಬಡಿದನೆಂದು ನಮ್ಮ ಡ್ರೈವರ್ ಬಸ್ಸನ್ನು ತುಸು ಮುಂದಕ್ಕೆ ಜರುಗಿಸಿದ. ಬಲಗೈ ಊರಿ ನೆಲಕ್ಕೆ ಬಿದ್ದೆ.

ಕಂಡಕ್ಟರ್ ಇಳಿದು ಬಂದು, "ಪೆಟ್ಟಾತೇನ್ರಿ ಮೇಡಂ?" ಎಂದ. ಅಂಗೈ ತರಚಿತ್ತು, ಸೀರೆಯ ಒಂದು ಬದಿ ಕೆಂಪು ಮಣ್ಣಾಗಿತ್ತು. ಇಲ್ಲ ಎಂದು ಎದ್ದು ಹೋದೆ. ಅವತ್ತು ಎರಡು ತರಗತಿಗೆ ಬೋರ್ಡಿನ ಮೇಲೆ ಬರೆದೆ ಕೂಡ. ಮಧ್ಯಾಹ್ನ ಮನೆಗೆ ಬರುವ ಹೊತ್ತಿಗೆ ಹೆಬ್ಬೆರಳಿನ ಕೆಳಗೆ, ಮಣಿಕಟ್ಟಿನ ಹತ್ತಿರ, ಸ್ವಲ್ಪ ಬಾತಿತ್ತು.

ನಮ್ಮ ಮನೆಯಲ್ಲಿ ಕೈಕಾಲಿಗೆ ಏನಾದರೂ ಆದರೆ ಆಸ್ಪತ್ರೆ ನೆನಪಾಗುವುದಿಲ್ಲ, ಅಪ್ಪ ನೆನಪಾಗುತ್ತಾನೆ. ಕಂಪ್ಲಿ ಹತ್ತಿರದ ನಮ್ಮೂರಲ್ಲಿ ಅಪ್ಪ ಕಾಲುವೆ ನೀರಿನ ಗದ್ದೆ ಮಾಡಿಕೊಂಡಿದ್ದ. ಜೊತೆಗೆ ಎಲುಬು ಕೂಡಿಸುವುದು ಅವನಿಗೆ ಅವನ ಅಪ್ಪನಿಂದ ಬಂದಿತ್ತು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕುಂತನೆಂದರೆ ಟ್ರ್ಯಾಕ್ಟರಿನಿಂದ ಬಿದ್ದವರು, ಕಬ್ಬಿನ ಗಾಡಿಯಿಂದ ಜಾರಿದವರು, ಎತ್ತು ಒದ್ದವರು ಬಂದು ಸಾಲಾಗಿ ಕೂಡುತ್ತಿದ್ದರು. ಕಣ್ಣು ಮುಚ್ಚಿ ಬೆರಳಿನಿಂದ ತಡವಿ ನೋಡುತ್ತಿದ್ದ. ಉದ್ದಿನ ಹಿಟ್ಟು ಕಲಸಿ ಹಚ್ಚಿ, ಬಟ್ಟೆ ಸುತ್ತಿ, ಬಿದಿರಿನ ದಬ್ಬೆ ಇಟ್ಟು ಕಟ್ಟುತ್ತಿದ್ದ. ಚಿಕ್ಕವಳಿದ್ದಾಗ ದಬ್ಬೆ ಹಿಡಿದುಕೊಳ್ಳುವ ಕೆಲಸ ನನ್ನದು. ಅಪ್ಪ ಬಡಾಯಿಯ ಮನುಷ್ಯನಲ್ಲ. ಎಲುಬು ಚರ್ಮ ಹರಿದು ಹೊರಗೆ ಬಂದಿದ್ದರೆ ಮುಟ್ಟುತ್ತಲೇ ಇರಲಿಲ್ಲ. "ಇದು ನನ್ನ ಕೈಯಾಗಿಂದಲ್ಲ, ಬಳ್ಳಾರಿಗೆ ಒಯ್ರಿ" ಎಂದು ತಾನೇ ಗಾಡಿ ಹತ್ತಿಸಿ ಕಳಿಸುತ್ತಿದ್ದ.

ಮರುದಿನ ಭಾನುವಾರ ಊರಿಗೆ ಹೋದೆ. ಅಪ್ಪ ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ತಡವಿದ. ಒಂದೊಂದೇ ಬೆರಳು ಮಡಚಿಸಿದ, ಬಿಚ್ಚಿಸಿದ.

"ಎಲುಬು ಎಲ್ಲೂ ಸರದಿಲ್ಲವ್ವಾ. ಉಳುಕೈತಿ, ಅಷ್ಟ" ಎಂದ.

ಕಟ್ಟು ಕಟ್ಟಿದ. ಇಪ್ಪತ್ತು ದಿನಕ್ಕೆ ಬಿಚ್ಚಿದ. ಬಾವು ಪೂರ್ತಿ ಇಳಿದಿತ್ತು. ನೋಡಿದರೆ ಎರಡೂ ಕೈ ಒಂದೇ ತರಹ ಕಾಣುತ್ತಿದ್ದವು.

ಆದರೆ ನೋವು ಹೋಗಲಿಲ್ಲ. ಸುಮ್ಮನಿದ್ದಾಗ ಏನೂ ಇಲ್ಲ. ಬೀಗದ ಕೈ ತಿರುವಿದರೆ, ಬಟ್ಟೆ ಹಿಂಡಿದರೆ, ನೆಲಕ್ಕೆ ಕೈ ಊರಿ ಏಳಲು ಹೋದರೆ ಮಣಿಕಟ್ಟಿನ ಒಳಗೆ ಚಳಕ್ ಎನ್ನುತ್ತಿತ್ತು. ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದ ಮೇಲೆ ಚಾಕ್‌ಪೀಸ್ ಕೆಳಗಿಟ್ಟು ಕೈ ಜಾಡಿಸಿಕೊಳ್ಳುತ್ತಿದ್ದೆ. ನನ್ನ ಗಂಡ ಹೊಸಪೇಟೆಯ ಒಂದು ಲೇಥ್ ವರ್ಕ್‌ಶಾಪಿನಲ್ಲಿ ಟಿಪ್ಪರ್‌ಗಳ ಬಿಡಿಭಾಗ ಕಡೆಯುವ ಕೆಲಸ ಮಾಡುತ್ತಿದ್ದರು. ಸೂಕ್ಷ್ಮ ಅಳತೆಯ ಕೆಲಸ. ನೂಲಿನಷ್ಟು ವ್ಯತ್ಯಾಸವಾದರೂ ಕಣ್ಣಿಗೆ ಬೀಳುತ್ತಿತ್ತು. ನಾನು ಎಡಗೈಯಲ್ಲಿ ಚೊಂಬು ಎತ್ತುವುದನ್ನು ವಾರಗಟ್ಟಲೆ ನೋಡಿ, ಒಂದು ದಿನ ಹೇಳಿದರು: "ಎಕ್ಸ್‌ರೇ ತಗಸೋಣು, ನಡಿ."

"ಅಪ್ಪ ನೋಡ್ಯಾನಲ್ರಿ. ಮುರಿದಿಲ್ಲ ಅಂದಾನ."

"ನಿಮ್ಮಪ್ಪನ ಬೆರಳಾಗ ಎಕ್ಸ್‌ರೇ ಮಿಷಿನ್ ಐತೇನು?"

ಆ ಮಾತಿಗೆ ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಮೂರನೇ ದಿನ ರೊಟ್ಟಿ ಬಡಿಯಲು ಕುಂತು, ಮೊದಲ ರೊಟ್ಟಿಯೇ ಮುಗಿಸಲಾಗದೆ ಎದ್ದೆ. ಸಂಜೆ ಇಬ್ಬರೂ ಎಲುಬಿನ ಡಾಕ್ಟರ ಹತ್ತಿರ ಹೋದೆವು.

ಆ ಕಾಲಕ್ಕೆ ಹೊಸಪೇಟೆಯ ಎಲುಬಿನ ಡಾಕ್ಟರುಗಳಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ಬೆಂಚಿನ ತುಂಬ ಗಣಿ ಕೆಲಸದವರು. ಟಿಪ್ಪರಿನ ಹಿಂಬಾಗಿಲಿಗೆ ಬೆರಳು ಸಿಕ್ಕವರು, ಕ್ರಷರಿನ ಬೆಲ್ಟಿಗೆ ಕೈ ಕೊಟ್ಟವರು. ಅವರ ಬಿಳಿ ಬ್ಯಾಂಡೇಜೂ ಒಂದೆರಡು ದಿನಕ್ಕೆ ಅದಿರಿನ ಧೂಳಿಗೆ ಕೆಂಪಗಾಗಿರುತ್ತಿತ್ತು. ಅವರ ನಡುವೆ ಬಾವೂ ಇಲ್ಲದ, ಗಾಯವೂ ಇಲ್ಲದ ಕೈ ಹಿಡಿದು ಕೂಡಲು ನನಗೆ ನಾಚಿಕೆಯಾಯಿತು.

ಡಾಕ್ಟರು ಹೆಬ್ಬೆರಳನ್ನು ಮೇಲಕ್ಕೆ ಎತ್ತಿಸಿದರು. ಹಾಗೆ ಎತ್ತಿದಾಗ ಅದರ ಬುಡದಲ್ಲಿ, ಎರಡು ನರದ ನಡುವೆ, ಒಂದು ಸಣ್ಣ ತಗ್ಗು ಬೀಳುತ್ತದೆ. ಆ ತಗ್ಗಿನಲ್ಲಿ ತಮ್ಮ ಬೆರಳಿಟ್ಟು ಒತ್ತಿದರು. ನಾನು ಕೂಗಿಬಿಟ್ಟೆ.

ನಾಲ್ಕು ಕಡೆಯಿಂದ ಎಕ್ಸ್‌ರೇ ತೆಗೆಸಿದರು. ಬೆಳಕಿಗೆ ಹಿಡಿದು, ಗೋಡಂಬಿಯಷ್ಟು ದೊಡ್ಡ, ಹೆಚ್ಚುಕಡಿಮೆ ಅದೇ ಆಕಾರದ ಒಂದು ಎಲುಬು ತೋರಿಸಿದರು. ಅದರ ನಡುವಿಗೆ ಕೂದಲಿನಂಥ ಕಪ್ಪು ಗೆರೆ.

"ಮಣಿಕಟ್ಟಿನಾಗ ಎಂಟು ಸಣ್ಣ ಎಲುಬು ಇರ್ತಾವ್ರಿ ಟೀಚರ್. ಮೊಂಡ ಅಂದ್ರ ಇದ. ಮುರಿದರೂ ಜಾಗಾ ಬಿಟ್ಟು ಸರಿಯಂಗಿಲ್ಲ, ಬಾವೂ ಭಾಳ ಬರಂಗಿಲ್ಲ. ಮೊದಲ ವಾರ ಎಕ್ಸ್‌ರೇದಾಗೂ ಒಮ್ಮೊಮ್ಮೆ ಕಾಣಂಗಿಲ್ಲ. ರಕ್ತ ಇದಕ್ಕ ಒಂದು ತುದಿಯಿಂದ ಒಳಗ ಹೋಗ್ತೈತಿ. ನಡುವ ಮುರಿದ್ರ ಆ ಕಡೆ ಅರ್ಧಕ್ಕ ರಕ್ತ ಸಾಲಂಗಿಲ್ಲ. ಬಿದ್ದು ಎಷ್ಟು ದಿನಾತು?"

"ಎರಡೂವರೆ ತಿಂಗಳಾತ್ರಿ."

"ಮೊದಲು ಯಾರು ನೋಡಿದ್ರು?"

ಗಂಡ ನನ್ನ ಮುಖ ನೋಡಿದರು. "ಯಾರೂ ಇಲ್ರಿ ಸಾರ್. ಹೋಗ್ತೈತಿ ಅಂತ ಬಿಟ್ಟಿದ್ದೆ" ಎಂದೆ.

"ಪುಣ್ಯ, ಆ ದಬ್ಬೆ ಕಟ್ಟೋರ ಹತ್ರ ಹೋಗಿಲ್ಲ ನೀವು. ಅವರು ಕೆಡಿಸಿದ ಕೈ ಹಿಡಕೊಂಡು ವಾರಕ್ಕ ಇಬ್ಬರಾದ್ರೂ ಬರ್ತಾರ ಇಲ್ಲಿ."

ಕೈ ಚಾಚಿಕೊಂಡು ಕುಂತೆ. ಮೊಣಕೈ ಕೆಳಗಿನಿಂದ ಹೆಬ್ಬೆರಳು ಸೇರಿಸಿ ಪ್ಲಾಸ್ಟರ್ ಹಾಕಿದರು.

ಅಪ್ಪನಿಗೆ ಹೇಳಲಿಲ್ಲ. ಫೋನು ಬಂದಾಗ ಪರೀಕ್ಷೆ ಹತ್ತಿರ ಬಂತು, ಹೆಚ್ಚಿನ ತರಗತಿ ಇವೆ, ಊರಿಗೆ ಬರಲು ಆಗುವುದಿಲ್ಲ ಎಂದೆ. ಅದು ಅರ್ಧ ಖರೆಯೂ ಆಗಿತ್ತು. ಹತ್ತನೇ ತರಗತಿಯವರ ಮುಂದೆ ಎಡಗೈಯಲ್ಲಿ ಬರೆಯುವುದನ್ನು ಕಲಿತೆ. ನನ್ನ ಅಕ್ಷರ ಮೂರನೇ ಕ್ಲಾಸಿನವರ ಅಕ್ಷರದಂತಿತ್ತು. ಮಕ್ಕಳು ಮೊದಲ ವಾರ ನಕ್ಕರು, ಆಮೇಲೆ ಅದನ್ನೇ ಓದಲು ಕಲಿತರು.

ಎರಡು ತಿಂಗಳಾದ ಮೇಲೆ ಪ್ಲಾಸ್ಟರ್ ಬಿಚ್ಚಿ ಮತ್ತೆ ಎಕ್ಸ್‌ರೇ ತೆಗೆದರು. ಗೆರೆ ಹಾಗೇ ಇತ್ತು.

ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಕುಂತರು. "ಎರಡು ದಾರಿ ಅದಾವ. ಒಂದು, ಆಪರೇಷನ್. ಸೊಂಟದಿಂದ ಸ್ವಲ್ಪ ಎಲುಬು ತಗದು ಇಲ್ಲಿ ತುಂಬಿ ಸ್ಕ್ರೂ ಹಾಕೋದು. ಇನ್ನೊಂದು, ತುಂಡು ಇನ್ನೂ ಜಾಗಾ ಬಿಟ್ಟಿಲ್ಲ ನೋಡ್ರಿ, ಹಂಗಾಗಿ ಕರೆಂಟಿನ ಮಿಷಿನ್ ಕಟ್ಟಿ ನೋಡಬೋದು."

"ಕರೆಂಟಂದ್ರ?" ಎಂದೆ.

"ಹೆದರಬ್ಯಾಡ್ರಿ. ಎಲುಬಿನಾಗ ತನ್ನದ ಒಂದು ಸಣ್ಣ ಕರೆಂಟ್ ಇರ್ತೈತಿ. ಭಾರ ಬಿದ್ದಾಗ ಹುಟ್ತೈತಿ. ಎಲುಬು ಬೆಳಿಯೋದಕ್ಕ ಅದೂ ಒಂದು ಕಾರಣ ಅಂತಾರ. ಅಂಥದ್ದನ್ನ ಹೊರಗಿನಿಂದ ಕೊಡೋದು. ಪ್ಲಾಸ್ಟರ್ ಮ್ಯಾಲ ಒಂದು ಸುರುಳಿ ಕಟ್ಟತೀವಿ. ಮೈಗೆ ಏನೂ ಗೊತ್ತಾಗಂಗಿಲ್ಲ."

ಗಂಡ ಕೇಳಿದರು: "ಕೂಡೋದು ಗ್ಯಾರಂಟಿ ಏನ್ರಿ?"

"ಇಲ್ಲ. ಕೆಲವರಿಗೆ ಕೂಡೇತಿ, ಕೆಲವರಿಗೆ ಇಲ್ಲ. ಕೂಡಿದ ಮ್ಯಾಲೂ ಮಿಷಿನ್ನಿಂದ ಕೂಡ್ತೋ ಪ್ಲಾಸ್ಟರಿನಿಂದ ಕೂಡ್ತೋ ಅಂತ ಖರೇ ಹೇಳಬೇಕಂದ್ರ ನನಗೂ ಹೇಳಾಕ ಬರಂಗಿಲ್ಲ."

ಅವರು ಹಾಗೆ ಹೇಳಿದ್ದರಿಂದಲೇ ಅವರ ಮೇಲೆ ನಂಬಿಕೆ ಬಂತು. ಪರೀಕ್ಷೆ ಮುಗಿಯುವವರೆಗೆ ಆಪರೇಷನ್ ಬೇಡ, ಮಿಷಿನ್ ನೋಡೋಣ ಎಂದೆ.

ಮಿಷಿನ್ ಬೆಂಗಳೂರಿನಿಂದ ಬಾಡಿಗೆಗೆ ಬಂತು, ಬಸ್ಸಿನ ಪಾರ್ಸೆಲ್‌ನಲ್ಲಿ. ಕೈಯಲ್ಲಿ ಹಿಡಿಯುವ ರೇಡಿಯೋದಷ್ಟು ದೊಡ್ಡ ಒಂದು ಬೂದು ಡಬ್ಬಿ. ಅದರಿಂದ ಒಂದು ವೈರು. ವೈರಿನ ತುದಿಗೆ ರಬ್ಬರಿನಲ್ಲಿ ಮುಚ್ಚಿದ ದೊಡ್ಡ ಬಳೆಯಂಥ ಸುರುಳಿ. ಹೊಸ ಪ್ಲಾಸ್ಟರಿನ ಮೇಲೆ ಹೆಬ್ಬೆರಳ ಬುಡಕ್ಕೆ ಸರಿಯಾಗಿ ಅದನ್ನು ಪಟ್ಟಿ ಹಾಕಿ ಕಟ್ಟಬೇಕು. ದಿನಕ್ಕೆ ಎಂಟು ತಾಸು. ಎಷ್ಟು ತಾಸು ಆಯಿತೆಂದು ಡಬ್ಬಿಯೇ ಲೆಕ್ಕ ಇಡುತ್ತಿತ್ತು, ಡಾಕ್ಟರಿಗೆ ಸುಳ್ಳು ಹೇಳುವ ಹಾಗಿರಲಿಲ್ಲ.

ಬೆಳಿಗ್ಗೆ ಬಸ್ಸು ಹತ್ತುವಾಗ ಗುಂಡಿ ಒತ್ತಿದರೆ ಸಂಜೆ ಬಸ್ಸು ಇಳಿಯುವಾಗ ಎಂಟು ತಾಸು ತುಂಬುತ್ತಿತ್ತು. ಡಬ್ಬಿಯನ್ನು ವ್ಯಾನಿಟಿ ಬ್ಯಾಗಿನಲ್ಲಿಟ್ಟು, ವೈರನ್ನು ಸೆರಗಿನ ಕೆಳಗೆ ಹಾಯಿಸಿಕೊಳ್ಳುತ್ತಿದ್ದೆ. ಆದರೂ ಯಾರ ಕಣ್ಣೂ ತಪ್ಪುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕುಂತ ಒಬ್ಬ ಹೆಂಗಸು, "ಇದೇನವ್ವಾ, ಬಿಪಿ ಮಿಷಿನ್ನಾ?" ಎಂದಳು. ಎಲುಬು ಕೂಡಿಸುವ ಕರೆಂಟು ಎಂದಾಗ ಎದ್ದು ಬೇರೆ ಸೀಟಿಗೆ ಹೋದಳು. ಶಾಲೆಯಲ್ಲಿ ಮಕ್ಕಳದು ಒಂದೇ ಪ್ರಶ್ನೆ: "ಶಾಕ್ ಹೊಡಿತೈತ್ರಿ ಟೀಚರ್?"

ಹೊಡೆಯುತ್ತಿರಲಿಲ್ಲ. ಶಾಕೂ ಇಲ್ಲ, ಬಿಸಿಯೂ ಇಲ್ಲ, ಜುಮ್ಮೆನ್ನುವುದೂ ಇಲ್ಲ. ಅದೇ ನನಗೆ ದೊಡ್ಡ ಕಷ್ಟವಾಯಿತು. ಅಪ್ಪ ಕಟ್ಟಿದ ಕಟ್ಟು ಬಿಗಿಯುತ್ತಿತ್ತು, ಉದ್ದಿನ ಹಿಟ್ಟು ಒಣಗಿ ಚರ್ಮ ಎಳೆಯುತ್ತಿತ್ತು. ಏನೋ ನಡೆಯುತ್ತಿದೆ ಎಂದು ಮೈಗೆ ಗೊತ್ತಾಗುತ್ತಿತ್ತು. ಇದು ಹಗಲೆಲ್ಲ ಕೈ ಮೇಲೆ ಸುಮ್ಮನೆ ಕುಂತಿರುತ್ತಿತ್ತು. ಮೂರು ವಾರಕ್ಕೆ ನನಗೆ ಬೇಸರ ಬಂತು. "ಇದರಾಗ ಏನೂ ಬರ್ತಾ ಇಲ್ಲ. ಖಾಲಿ ಡಬ್ಬಿ ಕಟಗೊಂಡು ತಿರಗಾಕ ಹತ್ತೀನಿ" ಎಂದು ಗಂಡನ ಮೇಲೆ ರೇಗಿದೆ.

ಅವರು ಕಪಾಟಿನ ಮೇಲಿದ್ದ ಹಳೆಯ ರೇಡಿಯೋ ತೆಗೆದರು. ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ತಿರುವಿ ನನ್ನ ಕೈ ಹತ್ತಿರ ಹಿಡಿದರು. ರೇಡಿಯೋ ಟಕಟಕಟಕ ಎಂದು ಬಡಿದುಕೊಳ್ಳತೊಡಗಿತು. ದೂರ ಒಯ್ದರೆ ಸದ್ದು ಸಣ್ಣದಾಗುತ್ತಿತ್ತು, ಹತ್ತಿರ ತಂದರೆ ಜೋರು. ಮಿಷಿನ್ ಬಂದ್ ಮಾಡಿದರೆ ನಿಂತೇ ಹೋಗುತ್ತಿತ್ತು. "ಬರ್ತೈತಿ. ನಿನಗ ಕೇಳಂಗಿಲ್ಲ, ಅಷ್ಟ" ಎಂದರು. ಅವತ್ತಿನಿಂದ ನಾನು ಮಿಷಿನ್ ಬಗ್ಗೆ ತಕರಾರು ಮಾಡಲಿಲ್ಲ.

ಆಮೇಲಿನ ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಅಪ್ಪ ನಿಂತಿದ್ದ, ಕೈಯಲ್ಲಿ ಅಕ್ಕಿಯ ಚೀಲ. ನಮ್ಮೂರವರು ಯಾರೋ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ನೋಡಿ ಊರಿಗೆ ಹೋಗಿ ಹೇಳಿದ್ದರು. ಒಳಗೆ ಬಂದು, ಚೀಲ ಇಟ್ಟು, ಕುಂತ ಮೇಲೆ ಕೇಳಿದ.

"ಯಾವಾಗಿಂದ ಇದು?"

"ಮೂರು ತಿಂಗಳಾಗಾಕ ಬಂತಪ್ಪಾ."

"ನಾನು ನೋಡಿದ್ದ ಕೈ ಏನು?"

ಹೌದೆಂದು ತಲೆಯಾಡಿಸಿದೆ. ಅಡುಗೆಮನೆಯಲ್ಲಿ ಚಹಾ ಉಕ್ಕಿ ಒಲೆ ಆರಿದ್ದು ಕೇಳಿಸಿದರೂ ನನಗೆ ಏಳಲಾಗಲಿಲ್ಲ.

"ಹೇಳಬೇಕಿತ್ತವ್ವಾ" ಎಂದ ಅಪ್ಪ. "ನನಗ ಬ್ಯಾಸರ ಆಗ್ತೈತಿ ಅಂತ ನೀ ಮುಚ್ಚಿಟ್ಟಿ. ಗೊತ್ತಾಗದಿದ್ರ ನಾಳೆ ಇನ್ನೊಬ್ಬರಿಗೂ ಹಿಂಗ ಮಾಡತೀನಿ."

ನನಗೆ ಅಳು ಬಂತು. ಅಪ್ಪ ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮಿಷಿನ್ ತಿರುಗಿಸಿ ತಿರುಗಿಸಿ ನೋಡಿದ. ಗಂಡ ರೇಡಿಯೋ ತಂದು ಕೇಳಿಸಿದರು. ಅಪ್ಪ ಕಣ್ಣು ಮುಚ್ಚಿ ಕೇಳಿದ. ಬೇರೆಯವರ ಕೈ ತಡವುವಾಗ ಮುಚ್ಚುತ್ತಿದ್ದಂತೆಯೇ. ಆಮೇಲೆ ಹೇಳಿದ: "ಆ ಡಾಕ್ಟ್ರನ್ನ ನಾನೊಮ್ಮೆ ನೋಡಬೇಕು."

"ಬ್ಯಾಡ ಬಿಡ್ರಿ ಮಾವ. ಅವರು ಸ್ವಲ್ಪ ಬಿರುಸು ಮಾತಾಡ್ತಾರ" ಎಂದರು ನನ್ನ ಗಂಡ.

"ಆಡ್ಲಿ."

ಸೋಮವಾರ ನಾನು ರಜೆ ಹಾಕಿದೆ. ಡಾಕ್ಟರ ಮುಂದೆ ಅಪ್ಪ ಕುರ್ಚಿಯ ಅಂಚಿಗೆ ಕುಂತ. ನಾನು ಬಾಯಿ ತೆಗೆಯುವ ಮೊದಲೇ, "ಈ ಕೈ ಮೊದಲು ನೋಡಿದ್ದು ನಾನ್ರಿ. ಉಳುಕು ಅಂತ ಕಟ್ಟಿದೆ. ತಪ್ಪಾತು" ಎಂದ.

ಡಾಕ್ಟರು ನನ್ನ ಕಡೆ ನೋಡಿದರು. ಯಾರೂ ನೋಡಿಲ್ಲ ಎಂದಿದ್ದು ಅವರಿಗೆ ನೆನಪಿತ್ತೆಂದು ಮುಖದಲ್ಲೇ ಕಂಡಿತು.

"ನೀವು ಎಲುಬು ಕಟ್ತೀರೇನು?" ಎಂದರು.

"ಹೌದ್ರಿ. ನಮ್ಮಪ್ಪನ ಕಾಲದಿಂದ."

"ನಿಮ್ಮಂಥೋರಿಂದ ಎಷ್ಟು ಮಂದಿ ಕೈ ಹೋಗ್ಯಾವ ಗೊತ್ತೇನು ಯಜಮಾನ್ರೇ? ಬಿಗಿ ಕಟ್ಟಿ ರಕ್ತ ನಿಂತು, ಬೆರಳು ಕಪ್ಪಾಗಿ ಬರ್ತಾರ."

ಅಪ್ಪ ಎದುರು ವಾದ ಮಾಡಲಿಲ್ಲ. ತಾನು ಹಾಗೆ ಕಟ್ಟುವುದಿಲ್ಲ ಎಂದೂ ಹೇಳಲಿಲ್ಲ. "ಬೈರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಈ ಎಲುಬು ಎಲ್ಲೈತಿ, ಮುರಿದದ್ದು ಹ್ಯಾಂಗ ಗೊತ್ತಾಗ್ತೈತಿ, ಅದನ್ನ ನನಗ ತೋರಿಸ್ರಿ" ಎಂದ.

ಹೊರಗೆ ಬೆಂಚಿನ ತುಂಬ ಮಂದಿ ಕಾಯುತ್ತಿದ್ದರು. ಆದರೂ ಡಾಕ್ಟರು ಎದ್ದು ಬಂದು ಅಪ್ಪನ ಬಲಗೈ ತಮ್ಮ ಕೈಯಲ್ಲಿ ಹಿಡಿದುಕೊಂಡರು. ಗದ್ದೆ ಕೆಲಸ ಮಾಡಿದ ದಪ್ಪ ಕೈ. ಹೆಬ್ಬೆರಳು ಎತ್ತಿಸಿ ಆ ತಗ್ಗಿನಲ್ಲಿ ಒತ್ತಿ ತೋರಿಸಿದರು. ಅಂಗೈ ಕಡೆಯಿಂದ ಒತ್ತುವ ಜಾಗವನ್ನೂ, ಹೆಬ್ಬೆರಳನ್ನು ಹಿಡಿದು ಮಣಿಕಟ್ಟಿನ ಕಡೆಗೆ ದೂಡಿ ನೋಡುವುದನ್ನೂ ತೋರಿಸಿದರು. ಆಮೇಲೆ ತಮ್ಮದೇ ಕೈ ಚಾಚಿ, "ಈಗ ನೀವು ಮಾಡ್ರಿ" ಎಂದರು. ಅಪ್ಪ ಡಾಕ್ಟರ ಕೈ ತಡವಿ ಜಾಗ ಹುಡುಕಿದ. ಮೊದಲ ಸಲಕ್ಕೇ ಸಿಕ್ಕಿತು.

"ಅಂಗೈ ಊರಿ ಬಿದ್ದಿರಬೇಕು, ಇಲ್ಲಿ ನೋವಿರಬೇಕು. ಬಾವು ಇರಲಿ ಬಿಡಲಿ, ಕಟ್ಟಬ್ಯಾಡ್ರಿ. ನನ್ನ ಹತ್ರ ಕಳಸ್ರಿ" ಎಂದರು ಡಾಕ್ಟರು.

ವಾಪಸು ಬರುವಾಗ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿದೆವು. ಡಾಕ್ಟರು ಕಲಿಸಿದರೆಂದು ಅಪ್ಪನಿಗೆ ಸಮಾಧಾನವಾಗಿರಬಹುದು ಎಂದುಕೊಂಡಿದ್ದೆ. ಅವನ ತಲೆಯಲ್ಲಿ ಬೇರೆಯೇ ಇತ್ತು.

"ಕಂಪ್ಲಿ ರೈಸ್ ಮಿಲ್ಲಿನಾಗ ಒಬ್ಬ ಹಮಾಲಿ ಅದಾನ" ಎಂದ. "ಎರಡು ವರ್ಷದ ಹಿಂದ ಚೀಲ ಹೊತಗೊಂಡು ಹಲಗಿ ಮ್ಯಾಲಿಂದ ಬಿದ್ದು ಬಂದಿದ್ದ. ಹಿಂಗ, ನಿನ್ನಂಗ. ಉಳುಕು ಅಂತ ಕಟ್ಟಿ ಕಳಿಸಿದೆ. ಸಂತ್ಯಾಗ ಸಿಕ್ಕಾಗೊಮ್ಮೆ 'ಕೈ ಇನ್ನೂ ನೋಯ್ತೈತ್ರಿ' ಅಂತಾನ. 'ಭಾರ ಎತ್ತತೀಯಲ್ಲೋ, ಅದಕ್ಕ' ಅಂತ ಹೇಳಿಕೋತ ಬಂದೀನಿ."

ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ಅದೇ ವಾರ ಆ ಹಮಾಲಿಯನ್ನು ಹುಡುಕಿ ಹೊಸಪೇಟೆಗೆ ಕರೆದುಕೊಂಡು ಬಂದ. ಮೂವತ್ತೈದರ ಆಸುಪಾಸಿನ ಗಟ್ಟಿ ಆಳು. ನನ್ನ ಕೈಯ ಮಿಷಿನ್ ನೋಡಿ, "ನನಗೂ ಇದನ್ನ ಹಾಕ್ತಾರೇನ್ರಿ ಅಕ್ಕಾ?" ಎಂದು ಕೇಳಿದ. ಹಾಕಬಹುದು ಎಂದೆ. ಹಾಗೆ ಹೇಳಬಾರದಿತ್ತು. ಎಕ್ಸ್‌ರೇ ನೋಡಿ ಡಾಕ್ಟರು ತಲೆ ಅಲ್ಲಾಡಿಸಿದರು. ಎಲುಬಿನ ಎರಡು ತುಂಡೂ ಬೇರೆ ಬೇರೆಯಾಗಿ ಅಂಚು ಸವೆದಿದ್ದವು, ಒಂದು ತುಂಡು ಕುಸಿದಿತ್ತು, ಸುತ್ತಲಿನ ಕೀಲೂ ಕೆಟ್ಟಿತ್ತು. ಕರೆಂಟಿನಿಂದ ಕೂಡುವ ಹೊತ್ತು ದಾಟಿಹೋಗಿತ್ತು. ನೋವು ಕಡಿಮೆಯಾಗಲು ದೊಡ್ಡ ಊರಿನಲ್ಲಿ ಆಪರೇಷನ್ ಮಾಡಬಹುದು, ಆದರೆ ಆಮೇಲೆ ಮಣಿಕಟ್ಟು ಮಡಚಲು ಬರುವುದಿಲ್ಲ ಎಂದರು. ಹಮಾಲಿ ಬೇಡವೆಂದ.

ಹೊರಗೆ ಬಂದಾಗ ಅಪ್ಪನ ಮುಖ ನೋಡಿ ಅವನೇ ಸಮಾಧಾನ ಮಾಡಿದ. "ಇರ್ಲಿ ಬಿಡ್ರಿ ಯಪ್ಪಾ. ನೀವೇನು ಬೇಕಂತ ಮಾಡಿದ್ರೇನು?"

ಇಬ್ಬರೂ ಕಂಪ್ಲಿ ಬಸ್ಸು ಹತ್ತಿದರು. ಬಸ್ಸು ಹೊರಡುವವರೆಗೆ ಕಿಟಕಿಯ ಪಕ್ಕ ನಿಂತಿದ್ದೆ. ಅಪ್ಪ ನನ್ನ ಕಡೆ ನೋಡಲಿಲ್ಲ.

ನನ್ನ ಎಲುಬು ಕೂಡಿತು. ಮಿಷಿನ್ ಕಟ್ಟಿ ನಾಲ್ಕನೇ ತಿಂಗಳ ಎಕ್ಸ್‌ರೇಯಲ್ಲಿ ಗೆರೆಯ ಮೇಲೆ ಮಂಜು ಮುಸುಕಿದಂತೆ ಕಾಣುತ್ತಿತ್ತು. ಐದನೇ ತಿಂಗಳಿಗೆ ಗೆರೆ ಎಲ್ಲಿತ್ತೆಂದು ಡಾಕ್ಟರೇ ಬೆರಳಿಟ್ಟು ತೋರಿಸಬೇಕಾಯಿತು. ಕರೆಂಟೇ ಕೂಡಿಸಿತೋ, ಅಷ್ಟು ತಿಂಗಳು ಕೈ ಅಲ್ಲಾಡದೆ ಇದ್ದುದಕ್ಕೆ ತಾನೇ ಕೂಡಿತೋ ನನಗೆ ಗೊತ್ತಿಲ್ಲ. ಗಂಡ ಮಿಷಿನ್ನಿನ ಕಡೆ. ನಾನು ಕೇಳಿದವರಿಗೆಲ್ಲ ಎರಡನ್ನೂ ಹೇಳುತ್ತೇನೆ. ಪ್ಲಾಸ್ಟರ್ ಬಿಚ್ಚಿದಾಗ ಮುಂಗೈ ಕೋಲಿನಂತಾಗಿತ್ತು. ಬಿಸಿನೀರಿನಲ್ಲಿ ಕೈ ಅದ್ದಿ, ಚೆಂಡು ಹಿಚುಕಿ, ಮತ್ತೆ ರೊಟ್ಟಿ ಬಡಿಯಲು ಎರಡು ತಿಂಗಳು ಹಿಡಿಯಿತು. ಇವತ್ತಿಗೂ ಬಲ ಮಣಿಕಟ್ಟು ಎಡದಷ್ಟು ಹಿಂದಕ್ಕೆ ಬಾಗುವುದಿಲ್ಲ. ಮಿಷಿನ್ನನ್ನು ಅದು ಬಂದಿದ್ದ ಪೆಟ್ಟಿಗೆಯಲ್ಲಿಟ್ಟು, ಬಂದ ಹಾಗೇ ಬಸ್ಸಿನ ಪಾರ್ಸೆಲ್‌ನಲ್ಲಿ ವಾಪಸು ಕಳಿಸಿದೆವು.

ಅಪ್ಪ ಕಟ್ಟು ಕಟ್ಟುವುದನ್ನು ಬಿಡಲಿಲ್ಲ. ಭುಜ ತಪ್ಪಿದವರು, ಕಾಲು ಉಳುಕಿದವರು ಬರುತ್ತಲೇ ಇದ್ದರು. ಆದರೆ ಮಣಿಕಟ್ಟು ಹಿಡಿದುಕೊಂಡು ಬಂದವರನ್ನು ಮೊದಲು ಪ್ರಶ್ನೆ ಕೇಳುತ್ತಿದ್ದ, ಒತ್ತಿ ನೋಡುತ್ತಿದ್ದ. ಸಂಶಯ ಬಂದರೆ ಒಂದು ಚೀಟಿ ಕೊಟ್ಟು ಹೊಸಪೇಟೆಗೆ ಕಳಿಸುತ್ತಿದ್ದ. ಅಷ್ಟು ದೂರ ಯಾಕೆಂದು ಸಿಟ್ಟಾಗಿ ಬೇರೆ ಊರಿನ ಕಟ್ಟುವವರ ಹತ್ತಿರ ಹೋದವರೂ ಇದ್ದರು. ಡಾಕ್ಟರು ಕೊನೆಯವರೆಗೂ ದಬ್ಬೆ ಕಟ್ಟುವವರನ್ನು ಬೈಯುವುದು ಬಿಡಲಿಲ್ಲ. ಆದರೆ ಅಪ್ಪನ ಚೀಟಿ ತಂದವರನ್ನು ಹೆಚ್ಚು ಕಾಯಿಸುತ್ತಿರಲಿಲ್ಲ.

ಹಮಾಲಿಗೆ ಎಡಗೈಯಲ್ಲಿ ಆಗುವ ಕೆಲಸ ಕೊಡಿಸಲು ಅಪ್ಪ ಮಿಲ್ಲಿನ ಮಾಲೀಕರ ಹತ್ತಿರ ಮೂರು ಸಲ ಹೋಗಿ ಬಂದ. ಮೂರನೇ ಸಲಕ್ಕೆ ಅವರು ಒಪ್ಪಿದರು. ಭತ್ತ ಒಣಗಿಸುವ ಕಣ ಕಾಯುವ ಕೆಲಸ. ಊರಿಗೆ ಹೋದಾಗ ಒಂದೆರಡು ಸಲ ಅವನನ್ನು ಅಲ್ಲಿ ನೋಡಿದ್ದೇನೆ. ಭತ್ತವನ್ನು ಕಾಲಿನಿಂದ ಹರವುತ್ತ ಸಾಲು ಸಾಲಾಗಿ ನಡೆಯುತ್ತಿದ್ದ. ಬಲಗೈಯನ್ನು ಲುಂಗಿಯ ಮಡಿಕೆಯಲ್ಲಿ ಇಟ್ಟುಕೊಂಡಿದ್ದ.